ಹೆಬ್ಬೆರಳಿನಷ್ಟು ಜಾಗ

ಆ ಅಂಗಡಿಯಲ್ಲಿ ಕೂತವರಿಗೆ ದಾರಿಹೋಕರ ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ ಕಾಣುತ್ತಿತ್ತು.

ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ರಸ್ತೆಯಿಂದ ಮೆಟ್ಟಿಲಿಳಿದು ಬರಬೇಕು. ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಒಂದು ಕಿಟಕಿ, ಅದು ಹೊರಗಿನ ಫುಟ್‌ಪಾತಿನ ಮಟ್ಟಕ್ಕೆ ತೆರೆದುಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಈರುಳ್ಳಿ ಮೂಟೆ ಪೇರಿಸುತ್ತಿದ್ದರು. ಪುಟ್ಟಿಯ ಚಿಕ್ಕಪ್ಪ ಓಟದ ಶೂಗಳ ಅಂಗಡಿ ಇಟ್ಟಿದ್ದ. ಗಿರಾಕಿ ಒಳಗೆ ಬರುವ ಮುಂಚೆಯೇ ಅವನ ನಡಿಗೆ ನೋಡಿಬಿಡಬಹುದು ಎನ್ನುವುದು ಅವನ ಲೆಕ್ಕ.

ಮೂವತ್ತು ದಾಟಿದ್ದರೂ ಅವಳು ಚಿಕ್ಕಪ್ಪನಿಗೆ ಇನ್ನೂ ಪುಟ್ಟಿ. ಅಂಗಡಿ ನಡೆಸುತ್ತಿದ್ದವಳು ಅವಳೇ. ಚಿಕ್ಕಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಪೇಪರು ಓದುತ್ತ, ಯಾರೂ ಕೇಳದ ಸಲಹೆ ಕೊಡುತ್ತಿದ್ದ.

ಒಂದು ಬೆಳಗ್ಗೆ ಕಿಟಕಿಯಲ್ಲಿ ಎರಡು ಕಾಲು ಓಡಿಹೋದವು. ಕಂದು ಶೂ, ಎಡಗಡೆಯ ಹಿಮ್ಮಡಿ ಹೊರಮಗ್ಗುಲಲ್ಲಿ ಸವೆದದ್ದು. ಆ ಎಡಗಾಲು ನೆಲ ಮುಟ್ಟುವ ಮುಂಚೆ ಒಂದಿಷ್ಟು ಅನುಮಾನಿಸಿ, ಆಮೇಲೆ ಧೈರ್ಯ ಮಾಡಿ ಇಳಿಯುತ್ತಿತ್ತು. ಅದನ್ನು ನೋಡಿ ಅವಳಿಗೆ ಸುಮ್ಮನೆ ನಗು ಬಂತು. ಮಾರನೆಯ ದಿನ ಅದೇ ಹೊತ್ತಿಗೆ ಅವಳು ಗಾಜು ಒರೆಸುತ್ತಿದ್ದಳು. ಒರೆಸುವಂಥ ಕೊಳೆಯೇನೂ ಅದರ ಮೇಲಿರಲಿಲ್ಲ.

ಕೊನೆಗೊಂದು ದಿನ ಆ ಕಾಲುಗಳು ಮೆಟ್ಟಿಲಿಳಿದು ಬಂದವು. ಮೇಲೊಬ್ಬ ಮನುಷ್ಯನೂ ಇದ್ದ. ಎತ್ತರದ ಆಳು, ಅಂಗಿಯ ಜೇಬಿನಲ್ಲಿ ಟೆಸ್ಟರು, ಉಗುರಿನ ಸಂದಿಯಲ್ಲಿ ಗ್ರೀಸು.

"ಎಡಗಡೆ ಹಿಮ್ಮಡಿ ಸವೆದಿದೆ ಅಲ್ವಾ?" ಎಂದಳು.

"ನಾನಿನ್ನೂ ಶೂ ತೋರಿಸೇ ಇಲ್ಲ."

ಅವಳು ಕಿಟಕಿಯ ಕಡೆ ಕೈ ಮಾಡಿದಳು. ಅವನು ಕತ್ತು ಬಗ್ಗಿಸಿ ಮೇಲೆ ನೋಡಿದ. ಒಂದು ಜೊತೆ ಚಪ್ಪಲಿ ಆಗಷ್ಟೇ ಆ ಕಡೆ ದಾಟಿಹೋಯಿತು.

"ಓಹೋ. ಅಂದ್ರೆ ದಿನಾ ಕೂತ್ಕೊಂಡು ನನ್ನ ಕಾಲು ನೋಡ್ತೀರಾ?"

"ಎಲ್ಲರ ಕಾಲೂ ನೋಡ್ತೀನಿ."

"ಡಾಕ್ಟ್ರೂ ಹೀಗೇ ಹೇಳೋದು," ಎಂದು ಅವನು ಕೂತ. ಅವತ್ತಿನಿಂದ ಅವಳು ಡಾಕ್ಟ್ರಾದಳು.

ಅವನು ಲಿಫ್ಟ್ ರಿಪೇರಿಯವನು. ಯಾವ ಕಟ್ಟಡಕ್ಕೆ ಕರೆದರೂ ಅಲ್ಲಿ ಲಿಫ್ಟು ಕೆಟ್ಟೇ ಇರುತ್ತದೆ, ಹಾಗಾಗಿ ಅವನು ಹತ್ತುವುದೆಲ್ಲ ಮೆಟ್ಟಿಲನ್ನೇ. ಇದನ್ನು ಕೇಳಿ ಚಿಕ್ಕಪ್ಪ ಪೇಪರಿನ ಹಿಂದೆ ಮುಸಿಮುಸಿ ನಕ್ಕು, ಅವನಿಗೆ 'ಲಿಫ್ಟ್ ಸಾಹೇಬ್ರು' ಎಂದು ಹೆಸರಿಟ್ಟುಬಿಟ್ಟ.

ಅಂಗಡಿಗೊಂದು ಪದ್ಧತಿ ಇತ್ತು. ಹೊಸ ಶೂ ಹಾಕಿಕೊಂಡು ಗಿರಾಕಿ ಮೇಲೆ ಹೋಗಿ ಬೀದಿಯ ಕೊನೆಯವರೆಗೆ ಓಡಿ ಬರಬೇಕು, ಒಳಗಿನಿಂದ ಅವಳು ಕಾಲು ನೋಡುತ್ತಾಳೆ. ಹೊಸ ಶೂ ಹಾಕಿಕೊಂಡು ಓಡಿದವನು ಹಾಗೇ ಓಡಿಹೋಗಬಾರದಲ್ಲ, ಅದಕ್ಕೆ ಅವನ ಸ್ವಂತ ಶೂಗಳನ್ನು ಗಲ್ಲಾ ಪಕ್ಕದ ಹಲಗೆಯ ಮೇಲೆ ಬಿಟ್ಟು ಹೋಗಬೇಕು. ಚಿಕ್ಕಪ್ಪ ಅದನ್ನು ಅಡದ ಹಲಗೆ ಎನ್ನುತ್ತಿದ್ದ. ಇನ್ನು ಯಾರಾದರೂ ಹಳೆಯ ಶೂ ಬೇಡವೆಂದು ಬಿಟ್ಟು ಹೋದರೆ ಅದು ಬಾಗಿಲ ಹಿಂದಿನ ಮೂಟೆಗೆ. ಹಲಗೆ ಅಂದರೆ ವಾಪಸು ಬರುತ್ತೇನೆ ಅಂತ, ಮೂಟೆ ಅಂದರೆ ಋಣ ಮುಗಿಯಿತು ಅಂತ.

ಅವನು ಅವತ್ತು ಶೂ ಕೊಳ್ಳಲಿಲ್ಲ, ಲೇಸು ಕೊಂಡ. ಮುಂದಿನ ವಾರ ಮತ್ತೆ ಲೇಸು. ಆಮೇಲೆ ಸಾಕ್ಸು, ಮತ್ತೆ ಲೇಸು.

"ಲೇಸು ತಿಂತೀರಾ?" ಎಂದಳು ಒಂದು ದಿನ.

"ಬೇಗ ಹರಿಯುತ್ತೆ."

"ಹಾಕಿರೋದು ಹೊಸದಾಗೇ ಇದೆ."

ಅವನು ತನ್ನ ಶೂ ನೋಡಿಕೊಂಡ, ಅವಳನ್ನು ನೋಡಿದ, ಕಿವಿ ಕೆಂಪಾಯಿತು. "ಡಾಕ್ಟ್ರ ಹತ್ರ ಏನೂ ಮುಚ್ಚಿಡೋಕಾಗಲ್ಲ," ಎಂದು ಲೇಸಿನ ಪ್ಯಾಕೆಟ್ಟನ್ನು ಜೇಬಿಗೆ ತುರುಕಿ ಹೊರಟ. ಮೆಟ್ಟಿಲು ಹತ್ತಿ ಕಿಟಕಿಯ ಮುಂದೆ ಬಂದಾಗ ಬೇಕಂತಲೇ ನಿಂತು, ಎಡಗಾಲಿನ ತುದಿಯಿಂದ ನೆಲವನ್ನು ಎರಡು ಸಲ ತಟ್ಟಿದ. ಕೆಳಗೆ ಅವಳು ಅಳತೆಪಟ್ಟಿ ಹಿಡಿದುಕೊಂಡು ಸುಮ್ಮನೆ ನಿಂತಳು. ಪುಟ್ಟಿಯ ಮನಸ್ಸು ಕೈಜಾರಿದ್ದು ಅವತ್ತೇ ಇರಬೇಕು.

ಮನಸ್ಸು ಕೈಜಾರಿದವರಿಗೆ ಬುದ್ಧಿ ಕೈಗೆ ಸಿಗುವುದು ಕಷ್ಟ. ಮುಂದೆ ಆದದ್ದಕ್ಕೆ ಇದನ್ನು ನೆಪವಾಗಿ ಹೇಳುತ್ತಿಲ್ಲ, ಆದದ್ದು ಹಾಗೆ.

ಅವನು ಓಡುತ್ತಿದ್ದದ್ದು ಸುಮ್ಮನೆ ಅಲ್ಲ. ಹಿಂದೊಮ್ಮೆ ಒಂದು ಕಟ್ಟಡಕ್ಕೆ ಬೆಂಕಿ ಬಿದ್ದಾಗ ಲಿಫ್ಟಿನೊಳಗೆ ತಾಯಿ ಮಗು ಸಿಕ್ಕಿಕೊಂಡಿದ್ದರು. ಪಕ್ಕದ ಕಟ್ಟಡದಲ್ಲಿ ಕೆಲಸದಲ್ಲಿದ್ದ ಅವನು ಓಡಿ ಬಂದು ಬಾಗಿಲು ಮೀಟಿ ಇಬ್ಬರನ್ನೂ ಹೊರಗೆಳೆದಿದ್ದ. ಆಮೇಲೆ ಬಂದ ಅಗ್ನಿಶಾಮಕ ದಳದ ಮುಖ್ಯಸ್ಥ ಅವನ ಬೆನ್ನು ತಟ್ಟಿ, "ನೀನು ನಮ್ಮಲ್ಲಿರಬೇಕಿತ್ತಪ್ಪ" ಎಂದಿದ್ದನಂತೆ. ಆ ಮಾತು ಅವನ ತಲೆಯೊಳಗೆ ಕೂತುಬಿಟ್ಟಿತ್ತು. ದಳಕ್ಕೆ ಸೇರಲು ಓಟದ ಪರೀಕ್ಷೆ ಪಾಸಾಗಬೇಕು. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು.

"ಇದೇ ಕೊನೇದು ಡಾಕ್ಟ್ರೇ. ಇದು ಬಿಟ್ರೆ ಜೀವನ ಪೂರ್ತಿ ಲಿಫ್ಟಿನ ಗುಂಡಿಯೇ ಗತಿ," ಎಂದ.

ಪರೀಕ್ಷೆಗೆ ತಿಂಗಳಿರುವಾಗ ಅವನ ಮೊಣಕಾಲ ಕೆಳಗೆ ನೋವು ಶುರುವಾಯಿತು. ಅವಳು ಹಳೆಯ ಶೂ ತೆಗೆಸಿ, ಮಡಿಸಿ, ತಳ ಒತ್ತಿ ನೋಡಿದಳು. ಒಳಗಿನ ಮೆತ್ತೆ ಸತ್ತುಹೋಗಿತ್ತು.

"ಹೊಸದು ಬೇಕು. ನಾಳೆ ಸಂಜೆ ಬನ್ನಿ."

"ಈಗಲೇ ಕೊಡಿ."

"ಬೆಳಗ್ಗೆ ಶೂ ನೋಡಬಾರದು. ದಿನವೆಲ್ಲ ಓಡಾಡಿದ ಮೇಲೆ ಕಾಲು ಸ್ವಲ್ಪ ಊದಿರುತ್ತೆ, ಆಗ ನೋಡಬೇಕು. ಓಡುವಾಗ ಹಾಕೋ ಸಾಕ್ಸೇ ಹಾಕ್ಕೊಂಡು ಬನ್ನಿ."

"ಬೇರೆ ಏನಾದ್ರೂ ಪಥ್ಯ?"

"ಬಣ್ಣ ನೋಡಬಾರದು."

ಮಾರನೆಯ ಸಂಜೆ ಅವನು ಬಂದಾಗ ಚಿಕ್ಕಪ್ಪ ಇರಲಿಲ್ಲ. ಅವಳು ಮೊದಲೇ ತೆಗೆದಿಟ್ಟಿದ್ದ ಡಬ್ಬ ಬಿಚ್ಚಿದಳು. ಪಾತ್ರೆ ತೊಳೆದ ನೀರಿನಂಥ ಬೂದಿ ಬಣ್ಣದ ಶೂ. ಅವನು ಹಳೆಯದನ್ನು ಹಲಗೆಯ ಮೇಲಿಟ್ಟು, ಅದನ್ನು ಹಾಕಿಕೊಂಡು ಮೇಲೆ ಹೋಗಿ ಓಡಿ ಬಂದ. ಎಡಗಾಲು ಈಗ ಅನುಮಾನಿಸಲೇ ಇಲ್ಲ.

"ಕಾಲಲ್ಲಿ ಏನೂ ಇಲ್ಲವೇನೋ ಅನ್ನಿಸ್ತು."

"ಹಾಗನ್ನಿಸಿದ್ರೇ ಅದು ಸರಿಯಾದ ಶೂ."

"ಆದ್ರೆ ನೋಡೋಕೆ ಎಷ್ಟು ದರಿದ್ರವಾಗಿದೆ ಡಾಕ್ಟ್ರೇ. ಆ ನೀಲಿದು ಹೇಗೆ?"

ಕಪಾಟಿನ ಮೇಲಿನ ಅರೆಯಲ್ಲಿ ಒಂದು ನೀಲಿ ಜೊತೆ ಇತ್ತು. ಆ ಮಾದರಿಯಲ್ಲಿ ಉಳಿದಿದ್ದದ್ದು ಅದೊಂದೇ. ಅವನ ಅಳತೆಗಿಂತ ಅರ್ಧ ನಂಬರು ಚಿಕ್ಕದು, ಮುಂದುಗಡೆ ಕಿರಿದು. ಬೇರೆ ಗಿರಾಕಿಯಾಗಿದ್ದರೆ ಅವಳು ಅದನ್ನು ಕೆಳಗಿಳಿಸುತ್ತಲೂ ಇರಲಿಲ್ಲ. ಮನಸ್ಸಿಗೆ ಸಮಾಧಾನವಾಗಲಿ, ಹಾಕಿ ನೋಡಿ ತಾನೇ ಬೇಡ ಅನ್ನುತ್ತಾನೆ ಎಂದುಕೊಂಡು ಇಳಿಸಿದಳು.

ಅವನು ನೀಲಿ ಶೂಗಳನ್ನು ಹಾಕಿಕೊಂಡು ಎದ್ದುನಿಂತ. ಅವಳು ಮಂಡಿಯೂರಿ ಹೆಬ್ಬೆರಳನ್ನು ಶೂವಿನ ತುದಿಗೆ ಒತ್ತಿದಳು. ಕಾಲ್ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ಓಡುವಾಗ ಕಾಲು ಮುಂದಕ್ಕೆ ಜಾರುತ್ತದೆ, ಆ ಜಾಗ ಇಲ್ಲದಿದ್ದರೆ ಒಂದೊಂದು ಹೆಜ್ಜೆಯೂ ಉಗುರಿನ ಮೇಲೆ ಬೀಳುತ್ತದೆ. ಇಲ್ಲಿ ಜಾಗವಿರಲಿಲ್ಲ. ಅವಳ ಹೆಬ್ಬೆರಳಿನ ಕೆಳಗೆ ಅವನ ಕಾಲ್ಬೆರಳು ನೇರವಾಗಿ ಸಿಕ್ಕಿತು.

ಅದೇ ಹೊತ್ತಿಗೆ ಅವನು ಮೇಲಿನಿಂದ ನಗುತ್ತ ಹೇಳಿದ: "ಪಾಸಾದ್ರೆ ಮುಂದಿನ ತಿಂಗಳೇ ಟ್ರೈನಿಂಗ್‌ಗೆ ಹೊರಡಬೇಕಂತೆ. ದೂರ. ಆಮೇಲೆ ಎಲ್ಲಿ ಹಾಕ್ತಾರೋ ಏನೋ. ನಿಮ್ಮ ಕಿಟಕಿಗೆ ಒಂದು ಜೊತೆ ಕಾಲು ಕಮ್ಮಿಯಾಗುತ್ತೆ."

ಅವಳು ತಲೆ ಎತ್ತಲಿಲ್ಲ.

ಹಿಂದೆ ಒಬ್ಬನಿದ್ದ. ಅವನೂ ಕೆಲಸ ಸಿಕ್ಕಿತೆಂದು ಹೀಗೇ ನಗುತ್ತ ಹೊರಟಿದ್ದ. ಮೊದಮೊದಲು ದಿನಾ ಫೋನು ಮಾಡುತ್ತಿದ್ದ. ಆಮೇಲೆ ಫೋನು ವಾರಕ್ಕೊಮ್ಮೆಯಾಗಿ, ಕೊನೆಗೆ ಬಂದದ್ದು ಅವನ ಮದುವೆಯ ಸುದ್ದಿ. ಹೋದವರು ಹೋಗಿಬಿಡುತ್ತಾರೆ ಎನ್ನುವುದನ್ನು ಅವಳಿಗೆ ಯಾರೂ ಪಾಠ ಹೇಳಿಕೊಡಬೇಕಿರಲಿಲ್ಲ.

"ಸರಿನಾ ಡಾಕ್ಟ್ರೇ? ಸ್ವಲ್ಪ ಹಿಡಿದ ಹಾಗಿದೆ."

ಓಟದಲ್ಲಿ ಒಂದಿಷ್ಟು ಹಿಂದೆ ಬಿದ್ದರೆ ಸಾಕು, ಇವನು ಇಲ್ಲೇ ಉಳಿಯುತ್ತಾನೆ. ಅಷ್ಟು ಬಿಡಿಸಿ ಅವಳು ಯೋಚಿಸಲಿಲ್ಲ. ಆದರೆ ಒತ್ತಿ ಹಿಡಿದ ಹೆಬ್ಬೆರಳನ್ನು ಮೆಲ್ಲಗೆ ತೆಗೆದಳು.

"ಸರಿ ಇದೆ," ಎಂದಳು.

"ನೀವು ಅಂದ್ಮೇಲೆ ಮುಗೀತು," ಎಂದು ಅವನು ಹಲಗೆಯ ಮೇಲಿದ್ದ ಹಳೆಯ ಜೊತೆಯನ್ನು ಎತ್ತಿ ಅವಳ ಕೈಗಿಟ್ಟ. "ಇದನ್ನ ಮೂಟೆಗೆ ಹಾಕಿಬಿಡಿ."

ಅವನು ಹೋದ ಮೇಲೆ ಅವಳು ಮೂಟೆಯವರೆಗೆ ಹೋದಳು. ಹಾಕಲು ಕೈ ಬರಲಿಲ್ಲ. ತನ್ನ ಸ್ಟೂಲಿನ ಹಿಂದೆ, ಚೀಲದ ಮರೆಯಲ್ಲಿ ಇಟ್ಟುಕೊಂಡಳು.

ಮೊದಲ ಎರಡು ದಿನ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಶೂ ಹಿಗ್ಗುತ್ತದೆ, ಕಾಲು ಹೊಂದಿಕೊಳ್ಳುತ್ತದೆ ಎಂದು. ಬೇರೆ ಅಂಗಡಿಯವರು ಹೀಗೆಂದರೆ ನಕ್ಕು ಗೇಲಿ ಮಾಡುತ್ತಿದ್ದವಳು ಅವಳೇ. ಮೂರನೆಯ ದಿನ ಕಿಟಕಿಯಲ್ಲಿ ನೀಲಿ ಶೂಗಳು ಓಡಿದವು. ಎಡಗಾಲೂ ಬಲಗಾಲೂ ಹಿಮ್ಮಡಿಯ ಮೇಲೇ ಬೀಳುತ್ತಿದ್ದವು, ಬೆರಳ ತುದಿ ನೆಲಕ್ಕೆ ತಾಗದ ಹಾಗೆ ಅವನು ಹುಷಾರಾಗಿ ಓಡುತ್ತಿದ್ದ. ಆ ಓಟ ನೋಡಲಾಗದೆ ಅವಳು ಬೆನ್ನು ತಿರುಗಿಸಿ ನಿಂತಳು.

ಅವನು ಅಂಗಡಿಗೆ ಬಂದಾಗ ಕೇಳಿದಳು: "ಶೂ ಹೇಗಿದೆ?"

"ಫಸ್ಟ್ ಕ್ಲಾಸ್."

"ಏನಾದ್ರೂ ತೊಂದ್ರೆ ಇದ್ರೆ ಬದಲಾಯಿಸಿ ಕೊಡ್ತೀನಿ. ಆ ಬೂದಿ ಬಣ್ಣದ್ದು ಇನ್ನೂ ಇದೆ."

"ಬೇಡಪ್ಪ. ನೀವು ನೋಡಿ ಕೊಟ್ಟಿದ್ದು, ಇದೇ ಅದೃಷ್ಟದ್ದು."

ಆಗಲೇ ಹೇಳಿಬಿಡಬಹುದಿತ್ತು. ಹೇಳಲು ಬಾಯಿ ತೆರೆದಳು, ಬಂದದ್ದು "ಲೇಸು ಬೇಕಾ?" ಎಂಬ ಮಾತು. ಅವನು ನಕ್ಕ. ಹೇಳಿದರೆ ಅವನು ಸಿಟ್ಟು ಮಾಡಿಕೊಂಡು ಹೋಗುತ್ತಾನೆ, ಹೇಳದಿದ್ದರೆ ಓಟದಲ್ಲಿ ಸೋಲುತ್ತಾನೆ. ಎರಡು ಕಡೆಯೂ ಅವಳಿಗೆ ಉಳಿಯುವುದು ಏನೂ ಇರಲಿಲ್ಲ. ದಿನ ದಿನಕ್ಕೆ ಅವಳಿಗೆ ಊಟ ಸೇರದಾಯಿತು. ಗಿರಾಕಿಗಳ ಕಾಲು ಮುಟ್ಟಲು ಕೈ ಅಂಜುತ್ತಿತ್ತು. ಒಬ್ಬರ ಅಳತೆಯನ್ನು ಮೂರು ಸಲ ತೆಗೆದಳು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಕಿಟಕಿಯಲ್ಲಿ ನೀಲಿ ಶೂಗಳು ನಡೆದುಹೋದವು. ಓಟವಲ್ಲ, ನಡಿಗೆ, ಅದೂ ಕುಂಟುತ್ತ. ಚಿಕ್ಕಪ್ಪ ಪೇಪರು ಮಡಿಸಿದ.

"ಲಿಫ್ಟ್ ಸಾಹೇಬ್ರು ಯಾಕೆ ಹಾಗೆ ನಡೀತಿದಾರೆ? ಯಾವ ನಂಬರ್ ಕೊಟ್ಟೆ ಪುಟ್ಟಿ?"

ಅವಳು ಹೇಳಿದಳು.

ಚಿಕ್ಕಪ್ಪ ಅವಳ ಕಡೆ ತಿರುಗಿ ಕೂತ. "ನಿನ್ನ ಕೈ ತಪ್ಪೋ ಕೈಯಲ್ಲ," ಎಂದ. "ಬೇಕಂತಲೇ ಕೊಟ್ಯಾ?"

ಅವಳು ಸ್ಟೂಲಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡಳು. ತಡೆದಿಟ್ಟ ಅಳುವೆಲ್ಲ ಒಟ್ಟಿಗೇ ಬಂತು. ಚಿಕ್ಕಪ್ಪನಿಗೆ ಸಮಾಧಾನ ಮಾಡುವ ಕಲೆ ಬರುತ್ತಿರಲಿಲ್ಲ. ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ಎರಡು ಸಲ ಕೆಮ್ಮಿದ.

"ಅವನನ್ನ ಕಟ್ಟಿಹಾಕಬೇಕು ಅಂತಿದ್ರೆ ಬಾಯಲ್ಲಿ ಹೇಳಬೇಕಿತ್ತು ಕಣೇ. ಕಾಲು ಕಟ್ಟಿದ್ಯಲ್ಲ."

"ಈಗಲೇ ಹೋಗಿ ಆ ಬೂದಿ ಬಣ್ಣದ್ದು ಕೊಟ್ಟು ಬರ್ತೀನಿ."

"ಅದು ಇನ್ನೂ ಪಳಗದ ಹೊಸದು. ನಾಳೆ ಬೆಳಗ್ಗೆಗೆ ಅದೂ ಕಚ್ಚುತ್ತೆ, ಮೊದಲೇ ಗಾಯ ಆಗಿರೋ ಕಾಲು. ಹೊಸ ಶೂನಲ್ಲಿ ಯಾರಾದ್ರೂ ಪರೀಕ್ಷೆಗೆ ಓಡ್ತಾರಾ? ನಿನಗೆ ನಾನು ಹೇಳ್ಬೇಕಾ?"

ಅವಳು ಕಣ್ಣೊರೆಸಿಕೊಂಡಳು. ಸ್ಟೂಲಿನ ಹಿಂದೆ ಕೈ ಹಾಕಿ ಹಳೆಯ ಜೊತೆಯನ್ನು ಹೊರತೆಗೆದಳು. ಅದರೊಳಗೆ ಅವನ ಐದೂ ಬೆರಳಿನ ಗುರುತು ಅಚ್ಚಾಗಿತ್ತು. ಸತ್ತಿದ್ದ ಮೆತ್ತೆಯನ್ನು ಕಿತ್ತು ಹೊಸದನ್ನು ಅವನ ಕಾಲಿನ ಅಚ್ಚಿಗೆ ಕತ್ತರಿಸಿ ಕೂರಿಸಿದಳು. ಬಾಯಿ ಬಿಟ್ಟಿದ್ದ ತುದಿಗೆ ಅಂಟು ಹಚ್ಚಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯ ಭಾರ ಇಟ್ಟಳು. ಸವೆದ ಹಿಮ್ಮಡಿಗೆ ರಬ್ಬರಿನ ತುಂಡು ಹಚ್ಚಿ ಉಜ್ಜಿದಳು. ಚಿಕ್ಕಪ್ಪ ಎದ್ದುಹೋಗಿ ಅಂಗಡಿಯ ಬಾಗಿಲಿಗೆ 'ಮುಚ್ಚಿದೆ' ಎಂಬ ಬೋರ್ಡು ತಗುಲಿಸಿ ಬಂದ.

ಮರುದಿನ ಬೆಳಗ್ಗೆ ಮೈದಾನದ ಗೇಟಿನ ಹೊರಗೆ ಜಾತ್ರೆಯಷ್ಟು ಜನ. ಎಲ್ಲರೂ ಗಂಡಸರು, ಎಲ್ಲರದೂ ಒಂದೇ ಬಗೆಯ ಬನಿಯನ್ನು, ಬೆನ್ನಿಗೆ ಪಿನ್ನು ಹಾಕಿದ ನಂಬರು. ಮುಖ ನೋಡಿ ಹುಡುಕುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸವಿಲ್ಲದ ಕೆಲಸ. ಅವಳು ತಲೆ ತಗ್ಗಿಸಿ ಕಾಲು ನೋಡುತ್ತ ನಡೆದಳು. ಬಿಳಿ, ಕಪ್ಪು, ಹರಿದದ್ದು, ಬರಿಗಾಲು. ಯಾರೋ ಒಬ್ಬ, "ಏನು ಕಳೆದುಕೊಂಡ್ರಿ ಮೇಡಂ?" ಎಂದು ಕೇಳಿದ. ಅವಳು ತಲೆ ಎತ್ತದೆ ಮುಂದೆ ನಡೆದಳು.

ಬೇಲಿಯ ಪಕ್ಕದ ಮರದ ಕೆಳಗೆ ನೀಲಿ ಶೂ ಕಂಡಿತು. ಅವನು ಅವುಗಳನ್ನು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು, ಬೆರಳುಗಳಿಗೆ ಪ್ಲಾಸ್ಟರು ಸುತ್ತುತ್ತಿದ್ದ. ಎರಡೂ ಕಾಲಿನ ದೊಡ್ಡ ಉಗುರುಗಳು ಕಪ್ಪಗಾಗಿದ್ದವು.

"ಡಾಕ್ಟ್ರೇ?" ಅವನ ಮುಖ ಅರಳಿತು. "ನನ್ನ ಓಟ ನೋಡೋಕೆ ಬಂದ್ರಾ?"

ಅವಳು ಎದುರಿಗೆ ಮಂಡಿಯೂರಿ ಚೀಲ ಬಿಚ್ಚಿದಳು. "ಇದನ್ನ ಹಾಕ್ಕೊಳ್ಳಿ."

"ಇದು ನನ್ನ ಹಳೇದಲ್ವಾ? ಮೂಟೆಗೆ ಹಾಕಿಲ್ವಾ?"

"ಇಲ್ಲ. ಒಳಗೆ ಹೊಸ ಮೆತ್ತೆ ಹಾಕಿದೀನಿ. ಇದೊಂದು ಓಟಕ್ಕೆ ತಡೆಯುತ್ತೆ. ನೀಲಿದು ನಿಮಗೆ ಚಿಕ್ಕದು."

"ಸ್ವಲ್ಪ ಬಿಗಿ, ಅಷ್ಟೇ. ನೀವು ಸರಿ ಅಂದ್ರಲ್ಲ. ಅದಕ್ಕೇ ನನ್ನ ಕಾಲೇ ಏನೋ ಕೆಟ್ಟಿದೆ ಅಂದ್ಕೊಂಡೆ. ನಿಮ್ಮ ಕೈ ತಪ್ಪಲ್ಲ."

ಒಬ್ಬ ಮನುಷ್ಯ ತನ್ನ ಕಾಲಿನ ನೋವನ್ನು ನಂಬದೆ ಅವಳ ಮಾತನ್ನು ನಂಬಿದ್ದ. ದಿನಾ ಬೆಳಗ್ಗೆ ಕಪ್ಪಗಾದ ಉಗುರಿನ ಮೇಲೆ ಓಡಿದ್ದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕೈ ತಪ್ಪಲಿಲ್ಲ," ಎಂದಳು. "ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಸರಿ ಇದೆ ಅಂದೆ."

ಪ್ಲಾಸ್ಟರು ಸುತ್ತುತ್ತಿದ್ದ ಕೈ ನಿಂತಿತು.

"ಯಾಕೆ?"

"ಪಾಸಾದ್ರೆ ನೀವು ಹೋಗ್ಬಿಡ್ತೀರಲ್ಲ."

ಅವನ ಕಣ್ಣಿನಲ್ಲಿದ್ದ ಬೆಳಕು ಮೆಲ್ಲಮೆಲ್ಲಗೆ ಆರಿದ್ದನ್ನು ಅವಳು ನೋಡಿದಳು. ಮೈಕಿನಲ್ಲಿ ನಂಬರುಗಳನ್ನು ಕೂಗತೊಡಗಿದರು. ಅವಳು ಅವನ ಕಾಲು ಹಿಡಿದು ಹಳೆಯ ಶೂಗೆ ಸೇರಿಸಿದಳು. ಅವನು ಎಳೆದುಕೊಳ್ಳಲಿಲ್ಲ, ಒಪ್ಪಿ ಕೊಡಲೂ ಇಲ್ಲ. ಹಿಮ್ಮಡಿ ಜಾರದ ಹಾಗೆ ಮೇಲಿನ ಕೊನೆಯ ತೂತಿನಲ್ಲಿ ಲೇಸನ್ನು ಕುಣಿಕೆ ಮಾಡಿ ಎಳೆದು ಕಟ್ಟಿದಳು. ಗಂಟು ಗಟ್ಟಿಯಾಗಿ ಬಿತ್ತು. ಅವನು ಎದ್ದು, ಹಿಂತಿರುಗಿ ನೋಡದೆ, ಗೇಟಿನೊಳಗೆ ಹೋದ.

ಓಟ ಮುಗಿಯುವ ಜಾಗದಲ್ಲಿ ಇಬ್ಬರು ಹಗ್ಗ ಹಿಡಿದು ನಿಂತಿದ್ದರು. ಸಮಯ ಮುಗಿದು ಸೀಟಿ ಊದಿದ ಕೂಡಲೇ ಹಗ್ಗ ಬಿಗಿಯಾಗುತ್ತದೆ. ಅದಕ್ಕಿಂತ ಮುಂಚೆ ದಾಟಿದವರು ಒಳಗೆ, ಉಳಿದವರು ಮನೆಗೆ.

ಅವಳು ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತಳು. ಸುತ್ತು ಸುತ್ತಿಗೂ ಅವನು ಹಿಂದೆ ಬೀಳುತ್ತಿದ್ದ. ಎಡಗಾಲು ಮೊದಲಿನ ಹಾಗೆ ಅನುಮಾನಿಸುತ್ತಿತ್ತು, ಈಗ ಬಲಗಾಲೂ ಸೇರಿಕೊಂಡಿತ್ತು. ಇವನು ಸೋತರೆ ಇಲ್ಲೇ ಉಳಿಯುತ್ತಾನೆ ಎಂದು ಒಂದು ಕಾಲಕ್ಕೆ ಆಸೆಪಟ್ಟವಳು, ಈಗ ಇವನು ದಾಟಲಿ, ದಾಟಿ ಎಲ್ಲಿಗಾದರೂ ಹೋಗಲಿ, ಮತ್ತೆ ಮುಖ ತೋರಿಸದಿದ್ದರೂ ಸರಿ ಎಂದು ತಂತಿ ಹಿಡಿದು ಬೇಡಿಕೊಳ್ಳುತ್ತಿದ್ದಳು. ಕೊನೆಯ ತಿರುವಿನಲ್ಲಿ ಅವನು ತಲೆ ಎತ್ತಿದ. ಓಟ ಶುರುವಾದ ಮೇಲೆ ಅವಳು ಮೊದಲ ಸಲ ಅವನ ಕಾಲು ಬಿಟ್ಟು ಮುಖ ನೋಡಿದಳು. ನೋವಿಗೆ ಅದು ಕಿವುಚಿಹೋಗಿತ್ತು. ಅದನ್ನು ಮಾಡಿದ್ದು ತಾನು.

ಸೀಟಿ ಕೇಳಿಸಿತು. ಹಗ್ಗ ಮೇಲೆದ್ದಾಗ ಅವನ ಬೆನ್ನಿಗೆ ತಾಗಿತು. ಅವನು ಒಳಗೆ ಬಿದ್ದಿದ್ದ.

ಬಹಳ ಹೊತ್ತಿನ ಮೇಲೆ ಅವನು ಗೇಟಿನಿಂದ ಹೊರಗೆ ಬಂದ. ಅವಳು ನೀಲಿ ಶೂಗಳನ್ನು ಎದೆಗೆ ಅವಚಿಕೊಂಡು ಅಲ್ಲೇ ನಿಂತಿದ್ದಳು.

"ಒಂದು ವಿಷಯ ಹೇಳ್ತೀನಿ," ಎಂದ, ಅವಳ ಕಡೆ ನೋಡದೆ. "ಪಾಸಾದ ದಿನ ನಿಮ್ಮ ಚಿಕ್ಕಪ್ಪನ ಹತ್ರ ಮಾತಾಡೋಣ ಅಂತಿದ್ದೆ. ಅಣ್ಣನ ಮನೆ ಹಾಲ್‌ನಲ್ಲಿ ಚಾಪೆ ಹಾಸ್ಕೊಂಡು ಮಲಗೋನು ಯಾವ ಮುಖ ಇಟ್ಕೊಂಡು ಹೆಣ್ಣು ಕೇಳಲಿ ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಈ ಓಟ ಅದಕ್ಕೇ ಇತ್ತು."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನಗೆ..."

"ಈಗ ಏನೂ ಹೇಳ್ಬೇಡಿ. ನಾನು ಬಾಯಿ ಬಿಟ್ರೆ ಕೆಟ್ಟ ಮಾತೇ ಬರುತ್ತೆ." ಅವನು ಕುಂಟುತ್ತ ರಸ್ತೆ ದಾಟಿದ.

ಟ್ರೈನಿಂಗಿಗೆ ಹೊರಡುವ ದಿನ ಅವನು ಅಂಗಡಿಗೆ ಬಂದಿದ್ದನಂತೆ. ಅವಳು ಗೋದಾಮಿಗೆ ಹೋಗಿದ್ದಳು. ವಾಪಸು ಬಂದಾಗ ಗಲ್ಲಾದ ಮೇಲೆ ಆ ಹಳೆಯ ಶೂಗಳಿದ್ದವು. ತೊಳೆದು ಒಣಗಿಸಿದಂಥವು.

"ಏನಂದ್ರು ಚಿಕ್ಕಪ್ಪ?"

"ಏನೂ ಅನ್ಲಿಲ್ಲ. ಇದನ್ನ ಇಟ್ಟ, ಹೋದ."

"ಎಲ್ಲಿ ಇಟ್ರು? ಹಲಗೆ ಮೇಲಾ?"

"ಇಲ್ಲೇ, ಗಲ್ಲಾ ಮೇಲೆ. ಯಾಕೆ?"

ಗಲ್ಲಾ ಎಂದರೆ ಹಲಗೆಯೂ ಅಲ್ಲ, ಮೂಟೆಯೂ ಅಲ್ಲ. ಅಡ ಇಟ್ಟದ್ದೋ, ನಿನ್ನ ಋಣ ಬೇಡವೆಂದು ಎಸೆದದ್ದೋ? ಅವಳು ಆ ಜೊತೆಯನ್ನು ಹಿಡಿದುಕೊಂಡು ಹಲಗೆಗೂ ಮೂಟೆಗೂ ನಡುವೆ ನಿಂತೇ ಇದ್ದಳು. ಕೊನೆಗೆ ಹಲಗೆಯ ಮೇಲಿಟ್ಟಳು. ಆಸೆ ಅಷ್ಟು ನಾಚಿಕೆಗೆಟ್ಟದ್ದು.

ಅವನ ಫೋನಿಗೆ 'ತಪ್ಪಾಯ್ತು' ಎಂದು ಬರೆದು ಕಳಿಸಿದಳು. ಓದಿದ ಗುರುತಿಗೆ ಎರಡು ನೀಲಿ ಗೀಟು ಬಿದ್ದವು, ಉತ್ತರ ಬರಲಿಲ್ಲ. 'ಕಾಲು ವಾಸಿಯಾಯ್ತಾ' ಎಂದು ಕೇಳಿದಳು. ಮತ್ತೆ ಎರಡು ಗೀಟು. ಆಮೇಲೆ ಬರೆಯುವುದನ್ನು ಬಿಟ್ಟು, ಆ ಗೀಟುಗಳನ್ನೇ ತೆಗೆದು ನೋಡುವುದನ್ನು ರೂಢಿ ಮಾಡಿಕೊಂಡಳು. ಓದಿದ್ದಾನಲ್ಲ, ಅಷ್ಟು ಸಾಕು ಎಂದುಕೊಂಡರೆ ಎರಡು ದಿನ ನಡೆಯುತ್ತಿತ್ತು, ಮೂರನೆಯ ದಿನ ಸಾಕಾಗುತ್ತಿರಲಿಲ್ಲ. ಬೆಳಗ್ಗೆ ಆ ಹೊತ್ತಿಗೆ ಸರಿಯಾಗಿ ಗಾಜು ಒರೆಸಲು ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ಊರಿನ ಕಾಲೆಲ್ಲ ಹೋಗುತ್ತಿದ್ದವು, ಅನುಮಾನಿಸುವ ಆ ಒಂದು ಎಡಗಾಲು ಮಾತ್ರ ಇರುತ್ತಿರಲಿಲ್ಲ. ಹಲಗೆಯ ಮೇಲಿನ ಜೊತೆಯ ಧೂಳನ್ನು ಅವಳು ದಿನಾ ಕೊಡವುತ್ತಿದ್ದಳು. ಅಲ್ಲಿ ಬೇರೆ ಗಿರಾಕಿ ಶೂ ಬಿಡಲು ಬಂದರೆ ಸ್ವಲ್ಪ ಆಚೆ ಇಡಿ ಎನ್ನುತ್ತಿದ್ದಳು.

ಚಿಕ್ಕಪ್ಪ ಒಂದೇ ಒಂದು ಸಲ ಕೇಳಿದ. "ಇನ್ನೂ ಅಲ್ಲೇ ಇರಬೇಕಾ ಅದು?"

"ಇರಲಿ ಚಿಕ್ಕಪ್ಪ. ಜಾಗ ಇದೆಯಲ್ಲ."

ಹೀಗೇ ತಿಂಗಳುಗಳು ಉರುಳಿದವು. ಒಂದು ಮಧ್ಯಾಹ್ನ ಅವಳು ಡಬ್ಬಗಳನ್ನು ಜೋಡಿಸುತ್ತಿದ್ದಾಗ ಕಿಟಕಿಯಲ್ಲಿ ಒಂದು ಜೊತೆ ಕಪ್ಪು ಬೂಟು ಬಂದು ನಿಂತಿತು. ದಪ್ಪ ಚರ್ಮ, ಎತ್ತರದ ಕತ್ತು, ಪೊಲೀಸರದೋ ಇನ್ನಾರದೋ. ಅವಳಿಗೆ ಪರಿಚಯವಿಲ್ಲದ ಬೂಟು. ಆಮೇಲೆ ಎಡಗಡೆಯ ಬೂಟಿನ ತುದಿ ನೆಲವನ್ನು ಎರಡು ಸಲ ತಟ್ಟಿತು.

ಕೈಯಲ್ಲಿದ್ದ ಡಬ್ಬಗಳು ಕೆಳಗೆ ಬಿದ್ದವು.

ಅವನು ಮೆಟ್ಟಿಲಿಳಿದು ಬಂದ. ಖಾಕಿ ಬಟ್ಟೆ, ಹೆಗಲಿಗೆ ದೊಡ್ಡ ಬ್ಯಾಗು, ಮುಖ ಕರ್ರಗೆ ಸುಟ್ಟಿತ್ತು. ಅವಳ ಎದುರಿನ ಬೆಂಚಿನ ಮೇಲೆ ಕೂತು ಕಾಲು ಚಾಚಿದ. ನಗಲಿಲ್ಲ.

"ಕೆಲಸದ ಬೂಟು," ಎಂದ. "ಸರಿ ಇದೆಯಾ ನೋಡಿ."

ಅವಳು ಮಂಡಿಯೂರಿದಳು. ಹೆಬ್ಬೆರಳನ್ನು ಬೂಟಿನ ತುದಿಗೆ ಒತ್ತಿದಳು. ದಪ್ಪ ಚರ್ಮದಡಿಯಲ್ಲೂ ತಿಳಿಯಿತು, ಜಾಗವಿರಲಿಲ್ಲ. ಅವನ ಕಾಲ್ಬೆರಳು ನೇರವಾಗಿ ಸಿಕ್ಕಿತು. ಇಲಾಖೆಯ ಬೂಟು, ಇಷ್ಟು ತಿಂಗಳ ಮೇಲೆ ಬಂದವನು, ಮೊದಲನೆಯ ಮಾತೇ ಕೊಂಕಾಗಬೇಕೇ ಎಂದು ಒಳಗಿನ ಪುಟ್ಟಿ ಅಂಗಲಾಚಿದಳು. ಅವಳು ಒತ್ತಿದ ಬೆರಳನ್ನು ತೆಗೆಯಲಿಲ್ಲ.

"ಸರಿ ಇಲ್ಲ," ಎಂದಳು. "ಬೆರಳು ಮುಂದೆ ತಾಗ್ತಿದೆ. ಇದನ್ನ ಹಾಕ್ಕೊಂಡು ಕೆಲಸ ಮಾಡಬೇಡಿ. ದೊಡ್ಡದು ಕೇಳಿ ತಗೊಳ್ಳಿ."

"ನಂದು ದೊಡ್ಡದು ಬ್ಯಾಗಲ್ಲಿದೆ. ಇದು ನಮ್ಮ ಬ್ಯಾರಕ್‌ನವನೊಬ್ಬನದು."

ಅವಳು ತಲೆ ಎತ್ತಿದಳು.

"ಕೇಳಿ ಇಸ್ಕೊಂಡು ಬಂದೆ. ನೀವು ಏನು ಹೇಳ್ತೀರಿ ಅಂತ ನೋಡಬೇಕಿತ್ತು. ಬಸ್ಸಿಳಿದು ಇಲ್ಲಿಗೆ ಬರೋಷ್ಟರಲ್ಲಿ ಪ್ರಾಣ ಬಾಯಿಗೆ ಬಂತು." ಅವನು ಮುಖ ಕಿವುಚಿದ. ಅದು ನೋವೋ ನಗುವೋ, ಎರಡೂ ಇರಬೇಕು.

"ಹುಚ್ಚಾ ನಿಮಗೆ?"

"ಇರಬೇಕು. ನಿಮ್ಮ ಮೆಸೇಜು ದಿನಾ ಓದ್ತಿದ್ದೆ. ಬೈದು ಬರೀಬೇಕು ಅಂತ ಕೂತ್ಕೊಳ್ತಿದ್ದೆ, ಬೈಯೋಕೆ ಬರ್ತಿರಲಿಲ್ಲ. ಒಳ್ಳೇ ಮಾತು ಬರೆಯೋಕೆ ಕೋಪ ಬಿಡ್ತಿರಲಿಲ್ಲ." ಅವನು ಸುತ್ತ ಕಣ್ಣಾಡಿಸಿದ. "ನನ್ನ ಹಳೇ ಜೊತೆ ಎಲ್ಲಿ? ಮೂಟೆಗೆ ಹಾಕಿದ್ರಾ?"

ಅವಳು ಹಲಗೆಯ ಕಡೆ ಕೈ ತೋರಿಸಿದಳು.

ಅವನು ಆ ಜೊತೆಯನ್ನು ಬಹಳ ಹೊತ್ತು ನೋಡಿದ. ಧೂಳಿಲ್ಲದ್ದನ್ನೂ ನೋಡಿದ.

"ಅವತ್ತು ಅಡಕ್ಕೇ ಇಡೋಣ ಅಂತ ಬಂದೆ. ಹಲಗೆ ಮೇಲೆ ಇಡೋ ಹೊತ್ತಿಗೆ ಕೋಪ ಬಂತು. ಮೂಟೆಗೆ ಹಾಕೋಣ ಅಂದ್ರೆ ಕೈ ಬರಲಿಲ್ಲ. ಗಲ್ಲಾ ಮೇಲೆ ಬಿಟ್ಟು ಓಡಿದೆ. ಎಲ್ಲಿಡಬೇಕು ಅನ್ನೋದನ್ನ ನಿಮಗೇ ಬಿಟ್ಟೆ."

"ನಾನು ಇಲ್ಲೇ ಇಟ್ಟೆ."

"ಕಾಣ್ತಿದೆ."

ಕಿಟಕಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಕಾಲುಗಳು ಗುಂಪಾಗಿ ಓಡಿಹೋದವು.

"ಮತ್ತೆ ಹೋಗಬೇಕಾ?" ಎಂದು ಅವಳು ಕೇಳಿದಳು.

"ಹೋಗಬೇಕು. ನಾಡಿದ್ದು. ಮನೆ ಕೊಟ್ಟಿದಾರೆ, ಚಿಕ್ಕದು. ಇನ್ನೊಬ್ಬರಿಗೆ ಜಾಗ ಇದೆ." ಅವನ ಕಿವಿ ಹಳೆಯ ಹಾಗೆ ಕೆಂಪಾಗತೊಡಗಿತ್ತು. "ಕೋಪ ಪೂರ್ತಿ ಹೋಗಿಲ್ಲ, ಮೊದಲೇ ಹೇಳಿರ್ತೀನಿ. ಆಗಾಗ ಎತ್ತಿ ಆಡ್ತೀನಿ."

"ಆಡಿ."

"ಚಿಕ್ಕಪ್ಪ ಎಷ್ಟೊತ್ತಿಗೆ ಬರ್ತಾರೆ?"

"ಸಂಜೆಗೆ."

"ಹಾಗಾದ್ರೆ ಕೂತಿರ್ತೀನಿ. ಅಲ್ಲೀವರೆಗೆ ಈ ಬೂಟು ಬಿಚ್ಚಿ ಡಾಕ್ಟ್ರೇ, ನನ್ನ ಕೈಲಿ ಬಗ್ಗೋಕೂ ಆಗ್ತಿಲ್ಲ."

ಅವಳು ಕಣ್ಣೊರೆಸಿಕೊಂಡು ಅವನ ಕಾಲನ್ನು ಮಡಿಲಿಗೆ ಎಳೆದುಕೊಂಡಳು. ಬಿಗಿದ ಲೇಸನ್ನು ಒಂದೊಂದೇ ತೂತಿನಿಂದ ಬಿಡಿಸತೊಡಗಿದಳು.